ಕೂಗದೆ ಬಿಟ್ಟ ಹೆಸರು

ಓಮಲೂರು,
ಚೌಡಮ್ಮನ ಗುಡಿ ಬೀದಿ,
27-6-1936, ಶನಿವಾರ

ರಾಜಾತಿಗೆ, ನಿನ್ನ ಗಂಡ ಪೊನ್ನುಸ್ವಾಮಿ ಬರೆಯುವ ಕಾಗದ.

ಕ್ಷೇಮವೇ ಎಂದು ಕೇಳಿ ಶುರುಮಾಡುವುದು ರೂಢಿ. ನಿನ್ನ ಕ್ಷೇಮ ಕೆಡಿಸಿದವನೇ ಅದನ್ನು ಕೇಳಿದರೆ ಪೆನ್ನಾಗರದ ನಿನ್ನ ತವರಿನವರು ನಗುತ್ತಾರೆ. ಆದ್ದರಿಂದ ಆ ಸಾಲನ್ನು ಬಿಟ್ಟು ಮುಂದಕ್ಕೆ ಹೋಗುತ್ತೇನೆ.

ನಿನಗೆ ಓದಲು ಬಾರದು. ಇದನ್ನು ಓದಿ ಹೇಳಬೇಕಾದವರು ನಿನ್ನ ಅಣ್ಣ ಕುಪ್ಪುಸ್ವಾಮಿ ಭಾವನವರು. ಭಾವಾ, ನಮಸ್ಕಾರ. ತಮಿಳಿನಲ್ಲಿ ಬರೆದಿದ್ದರೆ ನಿಮಗೆ ಸಲೀಸಾಗುತ್ತಿತ್ತು, ಗೊತ್ತು. ಆದರೆ ನಾನೂ ಅವಳೂ ಹನ್ನೊಂದು ವರ್ಷ ಜಗಳವಾಡಿದ್ದು ಕನ್ನಡದಲ್ಲಿ. ರಾಜಿಯೂ ಅದರಲ್ಲೇ ಆಗಲಿ. ಬೆಂಗಳೂರಿನ ನೂಲಿನ ಮಂಡಿಯಲ್ಲಿ ಮೂಟೆ ಹೊರುತ್ತಾ ಕಲಿತ ಅಕ್ಷರ ಇವು, ಕೆಲವು ಮೂಟೆಯ ಹಾಗೆಯೇ ಕಾಣಬಹುದು. ನಿಧಾನವಾಗಿ ಓದಿ. ಕೋಣೆಯೊಳಗೆ ಬೇಡ, ಜಗಲಿಯ ಮೇಲೆ ಕೂತು ಓದಿ. ಅತ್ತೆಯವರೂ ಕೇಳಲಿ, ಅಕ್ಕಪಕ್ಕದವರು ಬಂದರೆ ಅವರೂ ಕೇಳಲಿ. ಅವಳ ಮೇಲೆ ಮಾತು ಬಿದ್ದದ್ದು ಮೂವತ್ತೆರಡು ಮನೆಯವರ ಎದುರಿಗೆ. ಅದನ್ನು ತೆಗೆಯುವ ಮಾತು ಒಬ್ಬರ ಕಿವಿಯಲ್ಲಿ ಹೇಳುವಂಥದ್ದಲ್ಲ.

ರಾಜಾತಿ, ನೀನು ಹೋಗಿ ಇಂದಿಗೆ ಇಪ್ಪತ್ತೇಳು ದಿನ. ಮಗ್ಗದ ಮೇಲಿನ ಸೀರೆ ನೀನು ಹೋದ ದಿನ ನಾಲ್ಕು ಮೊಳ ಇತ್ತು, ಈಗ ನಾಲ್ಕೂವರೆ. ಆ ಅರ್ಧ ಮೊಳದಲ್ಲೂ ಎರಡು ಕಡೆ ಎಳೆ ತಪ್ಪಿದೆ. ಅಡುಗೆ ನಾನೇ ಮಾಡಿಕೊಳ್ಳುತ್ತೇನೆ. ಮುದ್ದೆ ಗಂಟುಗಂಟಾಗುತ್ತದೆ, ಗಂಟು ಬಿಟ್ಟು ಸುತ್ತಲಿನದನ್ನು ತಿನ್ನುವುದು ಅಭ್ಯಾಸವಾಗಿದೆ. ಬೆಕ್ಕು ಮೂರು ದಿನ ಹೊಸ್ತಿಲಲ್ಲಿ ನಿನಗಾಗಿ ಕಾದು, ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಎದುರುಮನೆಗೆ ಹೊರಟುಹೋಯಿತು.

ನೀನು ಬಸ್ಸಿನ ಗೋವಿಂದನ್ ಕೈಯಲ್ಲಿ ಹೇಳಿಕಳಿಸಿದ ಮಾತು ತಲುಪಿತು. ಅವನು ರಸ್ತೆಯಲ್ಲೇ ಬಸ್ಸು ನಿಲ್ಲಿಸಿ, ಒಳಗಿದ್ದವರೆಲ್ಲ ಕೇಳುವ ಹಾಗೆ ಕೂಗಿದ: “ಅಣ್ಣಾ, ನಿಮ್ಮನೆಯೋರು ಏಳಿದ್ರು. ಎಸ್ರು ಬಿಟ್ಟೋರೇ ಎಸ್ರು ಕೂಗ್ಬೇಕಂತೆ. ಅಲ್ಲೀಗಂಟ ಓಮಲೂರಿಗೆ ಕಾಲಿಕ್ಕಲ್ವಂತೆ.” ಕಿಟಕಿಯ ಪಕ್ಕ ಕೂತಿದ್ದ ಯಾವಳೋ ಒಬ್ಬ ಮುದುಕಿ, “ಸರಿಯಾಗೇ ಏಳವ್ಳೆ ಬಿಡು” ಅಂದಳು. ಅವಳಿಗೆ ನಮ್ಮ ವಿಷಯ ಒಂದಕ್ಷರ ಗೊತ್ತಿರಲಿಲ್ಲ. ಆದರೂ ನ್ಯಾಯ ಸರಿಯಾಗಿಯೇ ಹೇಳಿದಳು.

ಭಾವಾ, ನೀವು ನಮ್ಮ ಮಾವಿನ ತೋಪನ್ನು ಒಮ್ಮೆ ನೋಡಿದ್ದೀರಿ. ಅದರ ಕಟ್ಟಳೆ ನಿಮಗೆ ತಿಳಿದಿರಲಾರದು. ಗುಡಿಯ ಹಿಂದಿನ ಬಂಜರಿನಲ್ಲಿ ನೇಯುವ ಮನೆಗಳೆಲ್ಲ ಸೇರಿ ಬೆಳೆಸಿದ ತೋಪು ಅದು. ಯಾರೊಬ್ಬರದೂ ಅಲ್ಲ, ದುಡಿಯುವವರಿಗೆ ಕೂಲಿಯೂ ಇಲ್ಲ. ಮನೆ ಮೂವತ್ತೆರಡು, ಮರ ನಲವತ್ತೆಂಟು. ಮನೆಗೆ ಒಂದೂವರೆ ಮರ ಬರುತ್ತದೆ. ಆ ಅರ್ಧ ಮರದ ಪಾತಿಯನ್ನು ಯಾರು ಅಗೆಯಬೇಕೆಂದು ಮೊದಲ ವರ್ಷ ಮೂರು ತಿಂಗಳು ಜಗಳ ನಡೆಯಿತು. ಬೆಳಿಗ್ಗೆ ಅದರ ನೆರಳಿನಲ್ಲೇ ನಾವು ಹಾಸುನೂಲನ್ನು ಉದ್ದಕ್ಕೆ ಎಳೆದು ಕಟ್ಟಿ ಗಂಜಿ ಹಚ್ಚುವುದು; ಬಿಸಿಲಿನಲ್ಲಿ ಹಚ್ಚಿದರೆ ನೂಲು ಬೇಗ ಒಣಗಿ ಪಟಪಟನೆ ಕಡಿಯುತ್ತದೆ. ಹಾಗಾಗಿ ತೋಪು ನಮಗೆ ಬರೀ ಹಣ್ಣಲ್ಲ, ಕೆಲಸದ ಸೂರೂ ಹೌದು.

ಪ್ರತಿ ಮನೆಯ ಬಾಗಿಲಲ್ಲೂ ಒಂದು ಮಣ್ಣಿನ ಗುಡಾಣ ಇರುತ್ತದೆ. ಅಕ್ಕಿ ತೊಳೆದ ನೀರು, ಕೈಕಾಲು ತೊಳೆದ ನೀರು ಎಲ್ಲ ಅದಕ್ಕೆ. ಸಂಜೆ ಹೆಂಗಸರು ಅದನ್ನು ಕೊಡದಲ್ಲಿ ಹೊತ್ತು ತಮ್ಮ ತಮ್ಮ ಮರಕ್ಕೆ ಹುಯ್ಯುತ್ತಾರೆ. ಉಪ್ಪು, ಎಣ್ಣೆ, ಬಣ್ಣ ಗುಡಾಣಕ್ಕೆ ಬೀಳಬಾರದು. ನೀರು ಹೊರುವವರು ಹೆಂಗಸರಾದ್ದರಿಂದ ಹಣ್ಣು ಹಂಚುವಾಗ ಕೂಗುವುದೂ ಅವರ ಹೆಸರನ್ನೇ. ಹಂಚುವ ದಿನ ಹಣ್ಣನ್ನು ಮೂವತ್ತೆರಡು ಗುಡ್ಡೆ ಮಾಡುತ್ತಾರೆ. ಒಬ್ಬ ಗುಡ್ಡೆಗಳಿಗೆ ಬೆನ್ನು ಮಾಡಿ ನಿಲ್ಲುತ್ತಾನೆ. ಇನ್ನೊಬ್ಬ ಕೋಲಿನಿಂದ ಒಂದು ಗುಡ್ಡೆ ಮುಟ್ಟಿ “ಇದ್ಯಾರ್ದು?” ಅನ್ನುತ್ತಾನೆ. ಬೆನ್ನು ಮಾಡಿದವನು ಒಂದು ಹೆಸರು ಕೂಗುತ್ತಾನೆ. ಯಾವ ಗುಡ್ಡೆ ಎಂದು ಅವನು ಕಾಣ. ಹಾಗಾಗಿ ದೊಡ್ಡದು ಚಿಕ್ಕದು ಎಂಬ ತಕರಾರು ಏಳುವುದಿಲ್ಲ. ಒಂಬತ್ತು ವರ್ಷದಿಂದ ಹಾಗೆ ಬೆನ್ನು ಮಾಡಿ ನಿಲ್ಲುತ್ತಿದ್ದವನು ನಾನು. ಗಂಟಲು ದೊಡ್ಡದು, ಹೆಸರು ಒಂದೂ ಮರೆಯುವವನಲ್ಲ ಎಂದು ಬೀದಿಯವರು ನನಗೆ ಕೊಟ್ಟ ಗೌರವ ಅದು.

ನಾಲ್ಕು ವರ್ಷದ ಹಿಂದೆ ರಾಜಾತಿ ಸೇಲಂ ಕಡೆಯಿಂದ ಆರು ಮಲಗೋವಾ ಕಸಿ ಗಿಡ ತರಿಸಿ ತೋಪಿನ ಮೂಡಲ ಅಂಚಿಗೆ ನೆಟ್ಟಳು. ಬಲಿತ ಮರಗಳು ಹೇಗೋ ಬದುಕಿಕೊಳ್ಳುತ್ತವೆ, ಗಿಡಗಳಿಗೆ ದಿನವೂ ನೀರು ಬೇಕು. ಆರನ್ನೂ ತಾನೇ ನೋಡಿಕೊಳ್ಳುತ್ತೇನೆ ಎಂದು ಮೈಮೇಲೆ ಹಾಕಿಕೊಂಡಳು. ನಮ್ಮ ಗುಡಾಣದ ನೀರೆಲ್ಲ ಆ ಆರಕ್ಕೇ. ಮಕ್ಕಳಿಲ್ಲದ ಮನೆ ನಮ್ಮದು, ಬೀದಿಯವರು ತಮಾಷೆಗೆ “ರಾಜಾತಿ ಮಕ್ಕಳು ಎಂಗವರೆ?” ಎಂದು ಗಿಡಗಳನ್ನು ವಿಚಾರಿಸುತ್ತಿದ್ದರು. ಈ ವರ್ಷ ಮೊದಲ ಸಲ ಕಾಯಿ ಕಚ್ಚಿತ್ತು. ನಾನು ಎಣಿಸಿದ್ದೆ. ಆರು ಗಿಡಕ್ಕೆ ನಲವತ್ತಮೂರು.

ಇನ್ನು ನನ್ನ ಬಣ್ಣದ ತೊಟ್ಟಿ. ಬೇರೆಯವರು ಬಣ್ಣ ಹಾಕಿದ ನೂಲು ತಂದು ನೇಯುವುದಕ್ಕಿಂತ ನಾವೇ ಹಾಕಿಕೊಳ್ಳೋಣ ಎಂದು ಹಿತ್ತಿಲಲ್ಲಿ ತೊಟ್ಟಿ ಕಟ್ಟಿಸಿದೆ. ಬೀದಿಯ ಎಜಮಾನರು ಅಣ್ಣಾಮಲೈಯವರು ಒಂದೇ ಷರತ್ತು ಹಾಕಿದ್ದರು: ತೊಟ್ಟಿಯ ನೀರೆಲ್ಲ ಊರಾಚೆಯ ಹಳ್ಳಕ್ಕೆ ಹೋಗಬೇಕು. ಹೊಸ ಕೆಂಪು ಬಣ್ಣಕ್ಕೆ ಕಾಸ್ಟಿಕ್ ಸೋಡ ಬೇಕು. ಅದು ನೂಲಿಗೆ ಒಳ್ಳೆಯದು, ಚರ್ಮಕ್ಕೆ ಅಲ್ಲ. ನನ್ನ ಬೆರಳ ತುದಿಗಳು ಸುಲಿದದ್ದನ್ನು ರಾಜಾತಿ ನೋಡಿ ಕೊಬ್ಬರಿ ಎಣ್ಣೆ ಹಚ್ಚಿದ್ದಾಳೆ.

ಈ ಬೇಸಿಗೆಯಲ್ಲಿ ಬಾವಿಯ ತಳದಲ್ಲಿ ಕೊಡ ಮುಳುಗುತ್ತಿರಲಿಲ್ಲ. ಸಿಕ್ಕಷ್ಟು ನೀರು ಅಡುಗೆಗೂ ನೂಲಿಗೂ ಹೋಗಿ ಗುಡಾಣದಲ್ಲಿ ಎರಡು ಬೊಗಸೆ ಕೂಡ ಉಳಿಯುತ್ತಿರಲಿಲ್ಲ. ಗಿಡಗಳ ಎಲೆ ಜೋತುಬಿದ್ದು ಇವಳು ಊಟ ಬಿಟ್ಟಳು. ಅತ್ತ ನಾನು ನೂಲು ಕೊನೆಯ ಸಲ ಜಾಲಿಸಿದ ನೀರನ್ನು ಹೊತ್ತುಕೊಂಡು ಹಳ್ಳಕ್ಕೆ ಹೋಗಬೇಕು. ಆ ನೀರನ್ನು ಬಗ್ಗಿ ನೋಡಿದೆ. ಬಣ್ಣವೆಲ್ಲ ನೂಲಿಗೆ ಹೋಗಿ ನೀರು ತಿಳಿಯಾಗಿತ್ತು. ಬಣ್ಣ ಕಾಣದ ಮೇಲೆ ಅದು ಬಣ್ಣದ ನೀರು ಹೇಗಾದೀತು ಎಂದು ನನ್ನಷ್ಟಕ್ಕೆ ನಾನೇ ವಾದ ಹೂಡಿ, ನಾನೇ ತೀರ್ಪು ಕೊಟ್ಟುಕೊಂಡೆ. ರಾಜಾತಿ, ನೀನು ತೋಪಿನಲ್ಲಿ ಗಂಜಿ ಹಚ್ಚುತ್ತಿದ್ದ ಹೊತ್ತಿನಲ್ಲಿ ಅದನ್ನು ಗುಡಾಣಕ್ಕೆ ಸುರಿದೆ. ಅರ್ಧ ಜಾಣತನ, ಅರ್ಧ ಸೋಮಾರಿತನ. ಹನ್ನೊಂದು ದಿನ, ದಿನಕ್ಕೆ ಎರಡು ಕೊಡ, ಒಟ್ಟು ಇಪ್ಪತ್ತೆರಡು.

ಮೊದಲ ದಿನವೇ ನೀನು ಕೇಳಿದೆ: “ಗುಡಾಣ ತುಂಬೈತಲ್ಲ, ನೀರೆಲ್ಲಿಂದ?” ನಾನು ಕಣ್ಣು ಮಿಟುಕಿಸದೆ ಹೇಳಿದೆ, “ತಳದಲ್ಲಿ ಊರಿದ್ದನ್ನ ನಾನೇ ಬಾವಿಯಿಂದ ಸೇದ್ದೆ ಕಣೆ.” ನಿನ್ನ ಮುಖ ನೋಡಬೇಕಿತ್ತು. ಮಾರನೆಯ ದಿನ ಬಾವಿಯ ಹತ್ತಿರ ನೀನು ಹೆಂಗಸರಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೇ ಬಿತ್ತು: “ನಮ್ಮನೆಯೋರು ಬಾಯಲ್ಲಿ ಮಾತ್ರ ಅಂದ್ಕೊಂಡಿದ್ರಿ. ಗಿಡಕ್ಕೆ ನೀರ್ ಸೇದ್ತಾವ್ರೆ ನೋಡಿ.” ಹನ್ನೊಂದು ವರ್ಷದಲ್ಲಿ ನೀನು ನನ್ನನ್ನು ಬೀದಿಯಲ್ಲಿ ಹೊಗಳಿದ್ದು ಅದೊಂದೇ ಸಲ.

ಎಲೆಯ ಅಂಚು ಮೊದಲು ಸುಟ್ಟ ಹಾಗೆ ಕಂದಿತು. ಆಮೇಲೆ ಕಾಯಿ ಉದುರಿದವು. ಇಪ್ಪತ್ತು ದಿನದಲ್ಲಿ ಆರೂ ಕಡ್ಡಿ. ಗಿಡದ ಬುಡದಲ್ಲಿ ಕೂತು ನೀನು ಉದುರಿದ ಕಾಯಿಗಳನ್ನು ಮಡಿಲಿಗೆ ಹಾಕಿಕೊಳ್ಳುತ್ತಿದ್ದೆ. ಎಸೆಯಲೂ ಇಲ್ಲ, ಉಪ್ಪಿನಕಾಯಿಗೆ ಹಾಕಲೂ ಇಲ್ಲ.

ಮೇ ಎಂಟರ ಶುಕ್ರವಾರ, ಸಂಜೆಯ ಪೂಜೆಯಾದ ಮೇಲೆ, ಅಣ್ಣಾಮಲೈಯವರು ಬೀದಿಯವರನ್ನು ತೋಪಿನಲ್ಲಿ ಕೂಡಿಸಿದರು. ಭಾವಾ, ಅಂದು ನಡೆದದ್ದನ್ನು ಅವಳು ನಿಮಗೆ ಪೂರ್ತಿ ಹೇಳಿರಲಾರಳು, ಹೇಳುವಂಥ ಮಾತಲ್ಲ. ಎದುರುಮನೆ ಪಳನಿಯಮ್ಮ ಮೊದಲು ಎದ್ದಳು. ಅವಳು ಮಗ್ಗ ಬಿಟ್ಟು ಎಷ್ಟೋ ಕಾಲವಾಯಿತು. ಹಗಲೆಲ್ಲ ತೋಪಿನಲ್ಲಿ ಕೂತು ಅಳಿಲು ಓಡಿಸುವ ಮುದುಕಿ. ನಾಲಿಗೆಗೆ ಎಣ್ಣೆ ಬೇಡ, ಹಾಗೇ ಓಡುತ್ತದೆ. “ಬೇರು ಕೆದಕಿ ನೋಡಿವ್ನಿ. ಉಳ ಬಿದ್ದಿಲ್ಲ. ಆರೂ ಒಟ್ಗೆ ಸಾಯ್ಬೇಕಂದ್ರೆ ನೀರಲ್ಲೇ ಏನೋ ಐತೆ” ಅಂದಳು. ನಿಜಕ್ಕೆ ಅಷ್ಟು ಹತ್ತಿರ ಬಂದಿದ್ದಳು ಅವಳು. ಆದರೆ ಮಾತು ಅಲ್ಲಿ ನಿಲ್ಲಲಿಲ್ಲ. ಹಿಂದಿನಿಂದ ಯಾರೋ, “ನೀರು ಚೆನ್ನಾಗಿದ್ರೆ ದೋಷ ಕೊಡ ಒತ್ತೋರದ್ದೇ” ಅಂದರು. ರಾಜಾತಿ, ಆಗ ಎಜಮಾನರು ನಿನ್ನ ಕಡೆ ತಿರುಗಿದರು: “ಏನಮ್ಮಾ, ದೂರ ಕೂರ್ಬೇಕಾದ ದಿನ ಕೊಡ ಏನಾರ ಮುಟ್ಟಿದ್ದೆಯಾ?”

ಅಷ್ಟು ಗಂಡಸರ ನಡುವೆ ನೀನು ತಲೆ ಬಗ್ಗಿಸಲಿಲ್ಲ. “ಇಲ್ಲ. ಆ ದಿನಗಳಲ್ಲಿ ಗಿಡಕ್ಕೆ ನೀರೇ ಬಿದ್ದಿಲ್ಲ. ದಿನಾ ಇಲ್ಲೇ ಕೂತಿರೋ ಪಳನಿಯಮ್ಮತ್ತೇನ ಕೇಳಿ” ಅಂದೆ. ಪಳನಿಯಮ್ಮ, “ನಿನ್ ಪಂಚಾಂಗ ನೋಡ್ಕೊಂಡು ಕೂರೋದೇನೆ ನನ್ ಕೆಲ್ಸ? ನಾನು ಅಳಿಲು ಕಾಯ್ತೀನಿ” ಅಂದಳು. ಕೆಲವರು ನಕ್ಕರು. ಅಲ್ಲಿಗೆ ಮುಗಿಯಿತು. ಆರು ಗಿಡ ಕೊಂದ ಮನೆಗೆ ಈ ವರ್ಷ ಪಾಲಿಲ್ಲ, ಆ ಹೆಸರು ಕೂಗುವ ಹಾಗಿಲ್ಲ, ಮುಂದೆ ಅವಳು ತೋಪಿನ ಗಿಡ ಮುಟ್ಟುವ ಹಾಗಿಲ್ಲ ಎಂದು ತೀರ್ಮಾನವಾಯಿತು. ನಾನು ತುಟಿ ಬಿಚ್ಚಲಿಲ್ಲ.

ಇಲ್ಲಿಗೆ ಬಂದಾಗ ನೀನು ಅಣ್ಣನ ಕೈ ಹಿಡಿದು “ಸುಳ್ಳು” ಅನ್ನುತ್ತೀಯ. ತಡೆ, ಬರುತ್ತಿದ್ದೇನೆ. ಬರೆದದ್ದನ್ನು ಹೊಡೆದುಹಾಕುವುದಿಲ್ಲ, ಹೊಡೆದುಹಾಕಿದರೆ ನಾನು ಮೊದಲು ಏನು ಬರೆಯಹೊರಟಿದ್ದೆ ಎಂದು ನಿಮಗೆ ಕಾಣುವುದಿಲ್ಲ.

ನಾನು ತುಟಿ ಬಿಚ್ಚಿದೆ. ಭಾವಾ, “ನೀರಲ್ಲೇ ಏನೋ ಐತೆ” ಎಂದು ಪಳನಿಯಮ್ಮ ಅಂದ ಕೂಡಲೇ ನಿಮ್ಮ ತಂಗಿ ಎದ್ದು ಹೇಳಿದ್ದು ಇಷ್ಟು: “ನೀರು ನಮ್ಮನೆಯೋರೇ ಬಾವಿಯಿಂದ ಸೇದಿ ತುಂಬ್ಸಿದ್ದು. ಅವರನ್ನೇ ಕೇಳಿ.” ಹಾಗೆಂದು ನನ್ನ ಕಡೆ ನೋಡಿದಳು. ಗುಮಾನಿಯಿಂದಲ್ಲ, ನಂಬಿಕೆಯಿಂದ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಹೌದೆಂದು ತಲೆಯಾಡಿಸಿ, “ಆಮಾ, ಬಾವಿ ನೀರೇ” ಅಂದೆ.

ಮೂರೇ ಮಾತು. ನೀರಿನ ಮೇಲಿದ್ದ ಅನುಮಾನವನ್ನು ಅವು ಎತ್ತಿ ಅವಳ ಮೈಮೇಲೆ ಇಟ್ಟವು. ದಿನಕ್ಕೆ ಸಾವಿರ ಮಾತಾಡುವ ನಾನು ಅಂದು ಇನ್ನೊಂದು ಆಡಲಿಲ್ಲ.

ಆಗ ನನಗೆ ಗೊತ್ತಿರಲಿಲ್ಲ ಎಂದು ಬರೆಯಬಹುದು. ಆರು ವಾರ ನನಗೆ ನಾನೇ ಹಾಗೆ ಹೇಳಿಕೊಂಡಿದ್ದೇನೆ. ಆದರೆ ಈಗ ಬರೆಯುವುದು ರಾಜಾತಿಗೂ ಗೊತ್ತಿಲ್ಲದ ವಿಷಯ. ಸಭೆಯ ಹಿಂದಿನ ದಿನ, ಗುರುವಾರ ಮಧ್ಯಾಹ್ನ, ತೋಪಿನಲ್ಲಿ ಪಳನಿಯಮ್ಮ ತೂಕಡಿಸುತ್ತಿದ್ದಾಗ, ಒಂದು ಗಿಡದ ಬುಡದಿಂದ ಹಿಡಿ ಮಣ್ಣು ತಂದೆ. ಅಡುಗೆಮನೆಯಲ್ಲಿ ಅದನ್ನು ನೀರಿನಲ್ಲಿ ಕದಡಿ, ತಿಳಿಯಾಗಲು ಬಿಟ್ಟು, ಆ ತಿಳಿಗೆ ಚಿಟಿಕೆ ಅರಿಸಿನ ಹಾಕಿದೆ. ಅರಿಸಿನಕ್ಕೆ ಸುಣ್ಣ ಬಿದ್ದರೆ ಕುಂಕುಮದ ಬಣ್ಣ ಬರುವುದು ಮನೆಮನೆಗೂ ಗೊತ್ತು. ಕಾಸ್ಟಿಕ್ ಬಿದ್ದರೂ ಅಷ್ಟೇ ಎಂದು ಬಣ್ಣ ಹಾಕುವವರಿಗೆ ಗೊತ್ತು. ಬಟ್ಟಲು ಕೆಂಪಾಯಿತು. ದೊಡ್ಡ ಮರದ ಬುಡದ ಮಣ್ಣನ್ನೂ ತಂದು ಹಾಗೇ ಮಾಡಿ ನೋಡಿದೆ. ಅರಿಸಿನ ಅರಿಸಿನವಾಗಿಯೇ ಉಳಿಯಿತು. ಲೆಕ್ಕ ಎರಡು ಸಲ ಕೂಡಿ ನೋಡುವವನು ನಾನು. ಎರಡು ಸಲವೂ ಸರಿಯಾಗಿ ಬಂತು.

ಆ ಬಟ್ಟಲನ್ನು ನೀನು ಬರುವ ಮೊದಲು ತೊಳೆದು ಬೋರಲು ಹಾಕಿದೆ. ಗಂಡ ಪಾತ್ರೆ ತೊಳೆದದ್ದನ್ನು ನೋಡಿ ನೀನು, “ಏನಿವತ್ತು, ಮಳೆ ಬರ್ತೈತಾ?” ಎಂದು ನಕ್ಕೆ. ನಾನೂ ನಕ್ಕೆ.

ಯಾಕೆ ಹೇಳಲಿಲ್ಲ? ತೊಟ್ಟಿ ಒಡೆಸುತ್ತಾರೆ ಎಂಬ ಭಯ ಒಂದು. ಆದರೆ ಅದು ದೊಡ್ಡದಲ್ಲ. ತೊಟ್ಟಿ ಇಲ್ಲದೆಯೂ ಹೊಟ್ಟೆ ಹೊರೆದವನು ನಾನು. ನೂಲು ಸುತ್ತುವ ಕೂಲಿಯಾಗಿ ಈ ಬೀದಿಗೆ ಬಂದೆ. ಮೊದಲ ವರ್ಷ ನನ್ನನ್ನು ಜಗಲಿಯ ಕೆಳಗಿನ ಕಲ್ಲಿನ ಮೇಲೆ ಕೂರಿಸುತ್ತಿದ್ದರು. ಅಲ್ಲಿಂದ, ಬರೀ ನಾಲಿಗೆಯ ಬಲದಿಂದ, ಎಜಮಾನರ ಪಕ್ಕದ ಚಾಪೆಯವರೆಗೆ ಬಂದೆ. ಯಾರ ಮನೆಯಲ್ಲಿ ಮದುವೆಯ ಮಾತು ಮುರಿದರೂ ಪೊನ್ನುಸ್ವಾಮಿಯನ್ನು ಕರೆಯಿರಿ, ಯಾರು ಯಾರೊಡನೆ ಮುನಿದರೂ ಪೊನ್ನುಸ್ವಾಮಿ ಹೇಳಲಿ. ಅಂಥವನು ಎದ್ದು ನಿಂತು, ಹನ್ನೊಂದು ದಿನ ಹೆಂಡತಿಗೆ ಸುಳ್ಳು ಹೇಳಿ ನಿಮ್ಮ ಗಿಡ ಸಾಯಿಸಿದೆ ಅನ್ನಬೇಕು. ಮತ್ತೆ ಆ ಕಲ್ಲಿನ ಮೇಲೆ ಹೋಗಿ ಕೂರಬೇಕು. ನನಗೆ ಬದಲಾಗಿ ನೀನು ಕೂರಲಿ ಅಂದುಕೊಂಡೆ. ಇದಕ್ಕಿಂತ ಸಣ್ಣ ಅಕ್ಷರದಲ್ಲಿ ಇದನ್ನು ಬರೆಯಲು ನನಗೆ ಬರುವುದಿಲ್ಲ.

ಹಂಚುವ ದಿನ ಇನ್ನೂ ಕೆಟ್ಟದ್ದು. ಮೇ ಮೂವತ್ತೊಂದು, ಭಾನುವಾರ. ಎಜಮಾನರು ಹಿಂದಿನ ದಿನವೇ ನನ್ನನ್ನು ಕೇಳಿದರು: “ಈ ವರ್ಷ ಬೇರೆ ಯಾರಾದ್ರೂ ಕೂಗ್ಲಾ? ನಿಂಗೆ ಸಂಕಟ ಆಗ್ಬೋದು.” ಅವರು ಒಳ್ಳೆಯ ಮನುಷ್ಯ, ಬಾಗಿಲು ತೆರೆದೇ ಕೊಟ್ಟರು. ನಾನು, “ಪರ್ವಾಗಿಲ್ಲ, ನಾನೇ ಕೂಗ್ತೀನಿ” ಅಂದೆ. ಕೂಗದಿದ್ದರೆ ಜನ ಏನೆಂದುಕೊಂಡಾರು ಎಂಬ ಯೋಚನೆ.

ಅಂದು ಮೂವತ್ತೊಂದು ಗುಡ್ಡೆ. ನೀನು ಬರಬೇಕಾಗಿರಲಿಲ್ಲ. ಬಂದು ಹೆಂಗಸರ ಸಾಲಿನ ಕೊನೆಯಲ್ಲಿ, ಬರಿಗೈಯಲ್ಲಿ ನಿಂತೆ. ನಾನು ಬೆನ್ನು ಮಾಡಿ ನಿಂತಿದ್ದೆ. ಆದರೂ ನೀನು ಎಲ್ಲಿ ನಿಂತಿದ್ದೀಯ ಎಂದು ನನ್ನ ಬೆನ್ನಿಗೆ ಗೊತ್ತಿತ್ತು. “ಇದ್ಯಾರ್ದು?” ಚಿನ್ನತಾಯಿದು. “ಇದ್ಯಾರ್ದು?” ದೊಡ್ಡಕ್ಕಂದು. ಒಂಬತ್ತು ವರ್ಷದ ಅಭ್ಯಾಸ, ದೊಡ್ಡಕ್ಕನ ಹಿಂದೆಯೇ ನಿನ್ನ ಹೆಸರು ನಾಲಿಗೆಗೆ ಬಂತು. ನುಂಗಿಕೊಂಡು ರಾಮಕ್ಕನ ಹೆಸರು ಕೂಗಿದೆ. ಯಾರೂ ಗಮನಿಸಲಿಲ್ಲ. ನೀನು ಗಮನಿಸಿದೆ. ಮೂವತ್ತೊಂದು ಮುಗಿದು ನಾನು ತಿರುಗಿದಾಗ ನೀನಿದ್ದ ಜಾಗ ಖಾಲಿಯಾಗಿತ್ತು. ಮನೆಗೆ ಬಂದರೆ ಬೆಳಗಿನ ಅನ್ನ ಮುಚ್ಚಿಟ್ಟಿತ್ತು, ನಿನ್ನ ಎರಡು ಸೀರೆ ಇರಲಿಲ್ಲ. ನೀನು ಧರ್ಮಪುರಿ ಬಸ್ಸು ಹತ್ತಿದೆ ಎಂದು ಪಳನಿಯಮ್ಮ ಹೇಳಿದಳು. ಅವಳು ಅಂದು ಬಯ್ಯಲಿಲ್ಲ. ಅದೇ ನನಗೆ ಭಯವಾದದ್ದು.

ಈಗ ನಿನ್ನೆಯ ಮಾತು. ನಿನ್ನೆ ಶುಕ್ರವಾರ, ವಾರವಾರದ ಹಾಗೆ ಪೂಜೆ ಮುಗಿಸಿ ಬೀದಿಯವರು ಸಂಜೆ ತೋಪಿನಲ್ಲಿ ಕೂಡಿದಾಗ ನಾನು ಎದ್ದು ನಿಂತೆ. ಒಂದು ಕೈಯಲ್ಲಿ ಗಿಡದ ಬುಡದ ಮಣ್ಣಿನ ತಿಳಿ, ಇನ್ನೊಂದರಲ್ಲಿ ಅರಿಸಿನದ ಪೊಟ್ಟಣ. “ದೋಷ ಒತ್ತೋರದ್ದಲ್ಲ, ತುಂಬ್ದೋನ್ದು. ತುಂಬ್ದೋನು ನಾನು” ಅಂದೆ. ಎಲ್ಲರ ಎದುರಿಗೆ ಅರಿಸಿನ ಹಾಕಿದೆ. ಬಟ್ಟಲು ಕೆಂಪಾದದ್ದನ್ನು ಸಾಲಿನ ತುದಿಯವರೆಗೂ ಹಿಡಿದುಕೊಂಡು ಹೋಗಿ ಒಬ್ಬೊಬ್ಬರಿಗೂ ತೋರಿಸಿದೆ. ಅಣ್ಣಾಮಲೈಯವರು ತಮ್ಮ ಹೆಗಲ ವಸ್ತ್ರ ತೆಗೆದು ಕಣ್ಣಿಗೆ ಒತ್ತಿಕೊಂಡು, “ತಪ್ಪು ನಮ್ದೂ ಐತೆ, ಆ ಎಣ್ಮಗಳನ್ನ ಕೇಳ್ಬಾರದ್ದು ಕೇಳಿದ್ವಿ” ಅಂದರು. ಪಳನಿಯಮ್ಮ ಗಳಗಳನೆ ಅತ್ತಳು. ತೊಟ್ಟಿ ಒಡೆಯಬೇಕು, ಮಳೆಗಾಲಕ್ಕೆ ಆರು ಗಿಡ ನೆಡಬೇಕು, ಒಂದು ವರ್ಷ ಹೆಂಗಸರ ಜೊತೆ ನಾನೂ ಕೊಡ ಹೊರಬೇಕು ಎಂದು ತೀರ್ಪಾಯಿತು. ಆಮೇಲೆ ಕೊನೆಯ ಫಸಲಿನ ನೀಲಂ ಹಣ್ಣಿನ ಒಂದೇ ಗುಡ್ಡೆ ಮಾಡಿ, ನನ್ನನ್ನು ಬೆನ್ನು ಮಾಡಿ ನಿಲ್ಲಿಸಿ, “ಇದ್ಯಾರ್ದು?” ಅಂದರು. “ರಾಜಾತೀದು” ಎಂದು ಕೂಗಿದೆ. ಸೇಲಂ ರಸ್ತೆಯವರೆಗೂ ಕೇಳಿಸಿತಂತೆ.

ನಿನ್ನ ಹೆಸರನ್ನು ಬಿಟ್ಟವನೇ ಕೂಗಿದ್ದಾಯಿತು. ಇನ್ನು ನೀನು ಬರಬಹುದು. ನನ್ನ ಮನೆಗೆ ಬರುವುದು ಬಿಡುವುದು ನಿನ್ನಿಷ್ಟ. ಪಳನಿಯಮ್ಮನ ಮನೆಯಲ್ಲಿ ಇಳಿದುಕೊಂಡರೂ ನಾನು ಕೇಳುವವನಲ್ಲ. ಬೀದಿ ನಿನ್ನದು, ತೋಪು ನಿನ್ನದು. ನಿನ್ನ ಜಾಗದಲ್ಲಿ ನೀನಿರಬೇಕು, ಅಷ್ಟೇ.

ತಪ್ಪು ಮಾಡಿ, ಅದನ್ನು ತಡವಾಗಿ ಒಪ್ಪಿದ,
ಪೊನ್ನುಸ್ವಾಮಿ

ಮತ್ತೆ ಬರೆದದ್ದು: ಭಾವಾ, ಇಲ್ಲಿಂದ ಮುಂದೆ ನಿಮಗೊಬ್ಬರಿಗೇ. ಅವಳಿಗೆ ಓದಬೇಡಿ. ಕಾಗದದ ತಲೆಯ ಮೇಲೆ ಶನಿವಾರ ಎಂದಿದೆ; ಇಂದು ಬುಧವಾರ. ಅವಳು ಹೋಗಿ ಇಪ್ಪತ್ತೇಳಲ್ಲ, ಇಪ್ಪತ್ತನಾಲ್ಕು ದಿನ. ಗುಡಾಣ, ಅರಿಸಿನ, “ಬಾವಿ ನೀರೇ” ಅಂದದ್ದು, ಹೆಸರು ನುಂಗಿದ್ದು, ಎಲ್ಲ ನಿಜ. ಸಭೆ ಇನ್ನೂ ಆಗಿಲ್ಲ, ನಾಡಿದ್ದು ಆಗಬೇಕು. ನಾನು ಎದ್ದು ನಿಂತದ್ದು, ಎಜಮಾನರು ಕಣ್ಣೊರೆಸಿಕೊಂಡದ್ದು ಎಲ್ಲ ನಾನು ಕಟ್ಟಿದ್ದು. ಹೋದ ಎರಡು ಶುಕ್ರವಾರವೂ ಬಟ್ಟಲು ಹಿಡಿದು ಹೋದೆ, ಎರಡು ಸಲವೂ ಹಾಗೇ ವಾಪಸು ತಂದೆ. ಈ ಸಲವೂ ಹಾಗೇ ಆಗಬಾರದೆಂದು ಇದನ್ನು ಮೊದಲೇ ಬರೆದು ನಾಳೆ ಬೆಳಿಗ್ಗೆ ಟಪಾಲಿಗೆ ಹಾಕುತ್ತಿದ್ದೇನೆ. ಶನಿವಾರ ನಿಮ್ಮ ಕೈ ಸೇರುತ್ತದೆ. ಆಡದಿದ್ದ ಮಾತು ಆಗಲೇ ನಿಮ್ಮ ಜಗಲಿಯ ಮೇಲೆ ಕೂತಿರುತ್ತದೆ. ನಾನು ಓಡಲು ದಾರಿ ಉಳಿಯುವುದಿಲ್ಲ.

ಬೇಡ. ಇದನ್ನೂ ಅವಳಿಗೆ ಓದಿಬಿಡಿ. ಅವಳಿಗೆ ಒಂದನ್ನು ಮುಚ್ಚಿಟ್ಟೇ ಇಷ್ಟೆಲ್ಲ ಆದದ್ದು. ರಾಜಾತಿ, ಈ ಕಾಗದ ನಂಬಿ ಬಸ್ಸು ಹತ್ತಬೇಡ. ಶುಕ್ರವಾರ ನಾನು ಎದ್ದು ನಿಂತೆನೋ ಇಲ್ಲವೋ ಎಂದು ಗೋವಿಂದನ್ ಕೈಯಲ್ಲಿ ಪಳನಿಯಮ್ಮನನ್ನು ಕೇಳಿಸು. ನಾನು ಬರೆದ ಹಾಗೆ ಅವಳು ಅಳುವವಳಲ್ಲ, ನನಗಾಗಿ ಒಂದು ಸುಳ್ಳು ಹೇಳುವವಳೂ ಅಲ್ಲ.